ಮೀಸೆ ಪಣಕ್ಕಿಟ್ಟು ಚೊಂಬು ಬಿಡಿಸಿದ್ದು

ಬಯಲಿಗೆ ಹೋಗೋ ಊರಿನವರ ಕೈಲಿ ಚೊಂಬು ಬಿಡಿಸೋ ಕೆಲಸಕ್ಕೆ ಇಳಿದವನಿಗೆ ನಗೋಕೆ ಬೇರೆ ಏನೂ ಬೇಕಿಲ್ಲ; ಬೆಳಗಾದರೆ ಒಂದಲ್ಲ ಒಂದು ಆಗೇ ಆಗುತ್ತೆ. ಗೊರೂರು ಕಡೆಯ ನಮ್ಮೂರಲ್ಲಿ ಈ ಕೆಲಸಕ್ಕೆ ಗುಂಡಿಗೆ ಇರೋನು ಬೇಕಿತ್ತು, ನಾನು ಒಪ್ಪಿಕೊಂಡೆ. ಪಂಚಾಯ್ತಿ ಸಭೆಯಲ್ಲಿ ಎದ್ದು ನಿಂತು ಹೇಳಿಯೂ ಬಿಟ್ಟೆ: "ಸಾಹೇಬ್ರು ಶೌಚಾಲಯದ ತಪಾಸಣೆಗೆ ಬರೋ ದಿನ ಚಾನಲ್ ಏರಿ ಮೇಲೆ ಚೊಂಬು ಹಿಡಿದೋನು ಒಬ್ಬ ಸಿಕ್ಕರೂ ನನ್ನ ಮೀಸೆ ಬೋಳಿಸ್ತೀನಿ."

ಅಂಥಿಂಥ ಮೀಸೆಯಲ್ಲ ಅದು. ಹಾಸನದ ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರುಗಳೇ ತಿರುಗಿ ನೋಡೋ ಮೀಸೆ.

೧. ಗುಲಾಬಿ ಟೈಲ್ಸು

ಮೇಲಿನ ಬೀದಿಯ ಅಮ್ಮ ಒಬ್ಬರು ಮನೆಗಿಂತ ಚೆನ್ನಾಗಿ ಶೌಚಾಲಯ ಕಟ್ಟಿಸಿದರು. ಒಳಗೆ ಗುಲಾಬಿ ಟೈಲ್ಸು. ಆದರೆ ಬಾಗಿಲಿಗೆ ದಿನಾ ಬೀಗ, ಅಮ್ಮನ ಕೈಲಿ ದಿನಾ ಚೊಂಬು.

"ಯಾಕಮ್ಮಾ ಬೀಗ?"

"ಅಳಿಯಂದ್ರು ಬಂದಾಗ ಒಸದಾಗೇ ಇರ್ಲಿ ಅಂತ ಕಣಪ್ಪ."

"ಯಾವಾಗ ಬತ್ತಾರೆ?"

"ಗಂಡು ಇನ್ನೂ ಉಡುಕ್ತಾ ಇದೀವಿ, ಬಾಗೂರ್ ಕಡೆ."

೨. ಎರಡು ಇಟ್ಟಿಗೆ

ಬಳಸದ ಶೌಚಾಲಯ ಕಂಡರೆ ಗಂಡಿನವರು ವಾಪಸ್ ಹೋಗ್ತಾರೆ ಅಂತ ಹೆದರಿಸಿ ಆ ಬೀಗ ತೆಗೆಸಿದೆ. ಇಡೀ ಊರಲ್ಲಿ ಇನ್ನು ಉಳಿದವರು ಇಬ್ಬರೇ: ನಮ್ಮ ತಾತ, ಪಕ್ಕದ ಮನೆಯ ಅಜ್ಜ. ಚಿಕ್ಕಂದಿನಿಂದ ಇಬ್ಬರೂ ಜೊತೆಯಾಗೇ ಏರಿಗೆ ಹೋಗಿ ರೂಢಿ. ಆಲೂಗಡ್ಡೆ ರೇಟಿನಿಂದ ಊರಿನ ಜಗಳದವರೆಗೆ ಎಲ್ಲಾ ಅಲ್ಲೇ ತೀರ್ಮಾನ.

"ಆ ಗೂಡ್ನಾಗೆ ಒಬ್ನೇ ಕುಂತ್ಕಂಡು ಯಾರ್ ಕುಟ್ಟೆ ಮಾತಾಡ್ಲಿ ಏಳ್ಲಾ?" ಅಂದ ತಾತ.

ಬೇರೆ ಯಾರಾದರೂ ಆಗಿದ್ದರೆ ಕೈಚೆಲ್ಲುತ್ತಿದ್ದರು. ಎರಡೂ ಮನೆಯ ಶೌಚಾಲಯಕ್ಕೆ ನಡುವೆ ಒಂದೇ ಗೋಡೆ. ಗಾರೆಯವನನ್ನು ಕರೆಸಿ, ನಿಂತರೂ ಇಣುಕೋಕಾಗದ ಎತ್ತರದಲ್ಲಿ ಎರಡು ಇಟ್ಟಿಗೆ ತೆಗೆಸಿದೆ. ಮಾರನೇ ದಿನದಿಂದ ಈಚೆ ತಾತ, ಆಚೆ ಅಜ್ಜ, ಮಾತು ತೂತಿನಲ್ಲಿ. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಮುಕ್ಕಾಲು ಗಂಟೆಯಾದರೂ ಬಾಗಿಲು ತೆಗೆಯದಿದ್ದಾಗ ನಮ್ಮಮ್ಮ ಹೋಗಿ ಬಡಿದಳು. ಒಳಗಿಂದ ತಾತ: "ಪಂಚಾಯ್ತಿ ನಡೀತೈತೆ ಕಣವ್ವ, ಆಮೇಲ್ ಬಾ."

೩. ಏರಿ ಮೇಲಿನ ಗಿಡ

ತಪಾಸಣೆಯ ಹಿಂದಿನ ದಿನ, ಗೆದ್ದಾಯ್ತು ಅಂತ ಮೀನು ಸಾರು ಮೂರು ಸಲ ಬಡಿಸಿಕೊಂಡಿದ್ದೆ. ಬೆಳಗ್ಗೆ ಏಳುವಾಗಲೇ ಹೊಟ್ಟೆ ತಿರುಚಿತು. ಹೋದರೆ ಶೌಚಾಲಯದ ಬಾಗಿಲಿಗೆ ಒಳಗಿಂದ ಚಿಲಕ.

"ತಾತ, ಬೇಗ ಬಾ."

"ತಡೀಲಾ, ಇವನ್ ಎಮ್ಮೆ ಕರ ಆಕಿದ್ ಕಥೆ ಏಳ್ತಾವ್ನೆ."

"ಅರ್ಜೆಂಟು ತಾತ."

"ಎಮ್ಮೆಗಿನ್ನೂ ನೋವೇ ಬಂದಿಲ್ಲ ಕಣ್ಲಾ."

ನನಗೆ ಬಂದಿತ್ತು. ಪಕ್ಕದ ಮನೆಯದೂ ಭರ್ತಿ. ಚೊಂಬು ಹಿಡಿದು ಏರಿಗೆ ಓಡಿದೆ. ಇನ್ನೇನು ಕೂರಬೇಕು, ಎದುರಿಗೆ ಜೀಪು ನಿಂತಿತು. ಸಾಹೇಬರು ಇಳಿದರು, ಹಿಂದೆಯೇ ಪಂಚಾಯ್ತಿಯವರೆಲ್ಲ.

"ಏನಪ್ಪ ಇದು?"

"ಗಿಡಕ್ಕೆ ನೀರು ಹಾಕೋಕೆ ಬಂದೆ ಸಾ," ಅಂದು, ಕಾಲ ಬುಡದ ಗಿಡಕ್ಕೆ ಚೊಂಬು ಪೂರ್ತಿ ಸುರಿದೆ.

ಸಾಹೇಬರು ಬಗ್ಗಿ ನೋಡಿದರು. "ಪಾರ್ಥೇನಿಯಂಗೆ ನೀರು ಹಾಕಿ ಸಾಕೋನನ್ನ ಇವತ್ತೇ ನೋಡಿದ್ದು."

ಸಂಜೆ ಊರೆಲ್ಲ ಸೇರಿ ಮೀಸೆ ಬೋಳಿಸಿತು. ಕನ್ನಡಿ ಹಿಡಿದ ತಾತ ನನ್ನ ಮುಖ ನೋಡಿ, "ಥೇಟ್ ಅದೇ ಕರ ಕಣ್ಲಾ" ಅಂದ.

ಅನ್ನಲಿ. ಅವತ್ತಿನಿಂದ ಚೊಂಬು ಹಿಡಿದು ಏರಿಗೆ ಹೋದವನು ಒಬ್ಬನೂ ಇಲ್ಲ. ಕೊನೆಯವನು ನಾನೇ. ಆ ದಾಖಲೆ ಮುರಿಯೋ ಗಂಡು ನಮ್ಮೂರಲ್ಲಿ ಇನ್ನು ಹುಟ್ಟಲ್ಲ.