ಒಳಗಿನ ಗಾಳಿ ಒಳಗೇ

ಮುಂದೆ ದನದ ಲಾರಿಯೊಂದು ಸಿಕ್ಕದಿದ್ದರೆ ಕ್ಲೆಮ್ ಕಾರಿನ ಆ ಗುಂಡಿಯ ತಂಟೆಗೇ ಹೋಗುತ್ತಿರಲಿಲ್ಲ.

ಟಾಸ್ಮೇನಿಯಾದ ಚಳಿ ಮಳೆಯ ಬೆಳಗ್ಗೆ. ಪಕ್ಕದ ಮನೆಯ ಡಲ್ಸಿಯನ್ನು ಕೃಷಿಮೇಳಕ್ಕೆ ಕರೆದೊಯ್ಯುವ ಭಾಗ್ಯ ವಿಧುರ ಕ್ಲೆಮ್‌ಗೆ ಒದಗಿತ್ತು. ಊಟದ ಹೊತ್ತಿಗೆ ಮನಸ್ಸಿನ ಮಾತು ಹೇಳಿಬಿಡಬೇಕೆಂದು ಹೊಸ ಅಂಗಿ ತೊಟ್ಟಿದ್ದ. ಹಿಂದಿನ ಸೀಟಿನಲ್ಲಿ ಆಕೆಯ ಅಕ್ಕ ಎನಿಡ್, ಬಟ್ಟೆ ಮುಚ್ಚಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬುದ್ಧಿ ಹೇಳಲು ಕೂತಿದ್ದಳು.

“ಸಗಣಿ ವಾಸನೆ ಕಣಯ್ಯ. ಕಾರಿನ ಚಿತ್ರದೊಳಗೆ ಬಾಣ ಸುತ್ತಿರೋ ಗುಂಡಿ ಇದೆಯಲ್ಲ, ಒತ್ತು. ಹೊರಗಿನ ಗಾಳಿ ಬರೋದು ನಿಂತು, ಒಳಗಿನದೇ ಸುತ್ತತ್ತೆ,” ಎಂದಳು ಎನಿಡ್.

ಕ್ಲೆಮ್ ಒತ್ತಿದ. ಲಾರಿ ಬೇರೆ ದಾರಿ ಹಿಡಿಯಿತು. ವಾಸನೆ ಮಾತ್ರ ಬೇಡದ ನೆಂಟನ ಹಾಗೆ ಕಾಲು ಚಾಚಿ ಕೂತಿತು. ಹೀಟರಿನ ಬಿಸಿಗೆ ಇನ್ನಷ್ಟು ಏರಿತು.

“ನಿನ್ನ ಬೂಟಾ?” ಎನಿಡ್ ಕೇಳಿದಳು.

“ನಿನ್ನೆ ತಾನೇ ತೊಳೆದಿದೀನಿ.”

“ಕಾಲು ತೊಳೀಬೇಕಿತ್ತು.”

ಡಲ್ಸಿ ನಕ್ಕಳು. ಕ್ಲೆಮ್‌ನ ಕಿವಿಗಳು ಬೀಟ್‌ರೂಟಾದವು.

ಮೂವರ ಉಸಿರೂ ಒಳಗೇ ಸುತ್ತಿ ಗಾಜು ಮಂಜಾಯಿತು. ರಸ್ತೆ ಕಾಣದೆ ಕಾರು ಯಾರದೋ ಬೇಲಿಗೆ ಮೂಗು ತಾಗಿಸಿ ನಿಂತಿತು. ಕ್ಲೆಮ್ ಗಾಬರಿಯಲ್ಲಿ ಗುಂಡಿಯನ್ನು ಮತ್ತೆ ಒತ್ತಿದ. ಹೊರಗಿನ ಗಾಳಿ ನುಗ್ಗಿ ಗಾಜು ತಿಳಿಯಾಯಿತು, ವಾಸನೆಯೂ ಇಳಿಯಿತು. ಅಂದರೆ ಅದು ಕಾರಿನೊಳಗಿನದೇ. ಅವನು ಮೆಲ್ಲನೆ ಹಿಂತಿರುಗಿ ನೋಡಿದ.

“ಬುಟ್ಟೀಲೇನು?”

“ನನ್ನ ಚೀಸ್,” ಎಂದಳು ಡಲ್ಸಿ ಸಣ್ಣ ದನಿಯಲ್ಲಿ. “ಸ್ಪರ್ಧೆಗೆ ಅಂತ. ವಾಸನೇನಾ?”

ಆ ಮುಖ ನೋಡಿ ನಿಜ ಹೇಳಲಾದೀತೇ? “ಛೇ, ಘಮ ಅದು. ಬೂಟೇ ಇರಬೇಕು,” ಎಂದ ಕ್ಲೆಮ್. ಆಕೆಗೆ ನಂಬಿಕೆ ಬರಲೆಂದು ತಾನೇ ಮತ್ತೆ ಗುಂಡಿ ಒತ್ತಿ, ಗಾಜು ಒರೆಸುತ್ತ, ಬಾಯಲ್ಲಿ ಉಸಿರಾಡುತ್ತ ಮೇಳ ಮುಟ್ಟಿಸಿದ.

ಚೀಸಿಗೆ ಮೊದಲ ಬಹುಮಾನ ಬಂತು. ಇಷ್ಟು ಹದವಾಗಿ ಮಾಗಿದ್ದನ್ನು ತಾನು ಕಂಡೇ ಇಲ್ಲವೆಂದ ತೀರ್ಪುಗಾರ.

ಊಟದಲ್ಲಿ ಕ್ಲೆಮ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಡಲ್ಸಿಯೇ ಅವನ ಕೈ ಹಿಡಿದಳು. “ಒಂದು ಕೇಳ್ತೀನಿ, ಇಲ್ಲ ಅನ್ನಬಾರದು.”

“ಖಂಡಿತ ಅನ್ನಲ್ಲ,” ಎಂದ ಕ್ಲೆಮ್.

“ಬೆಳಗ್ಗೆ ಚೀಸ್ ಇನ್ನೂ ಎಳಸಾಗಿತ್ತು. ಮಾಗಿದ್ದು ನಿಮ್ಮ ಕಾರಲ್ಲೇ. ಮುಂದಿನ ವಾರ ಹೋಬಾರ್ಟ್ ಮೇಳಕ್ಕೆ ಹನ್ನೆರಡು ಚೀಸ್ ಮಾಡ್ತೀನಿ. ಹೀಗೇ ಗುಂಡಿ ಒತ್ಕೊಂಡು, ನಿಧಾನಕ್ಕೆ ತಂದುಬಿಡಿ.”

“ಅಕ್ಕನೂ ಬರ್ತಾರಾ?” ಇಲ್ಲವೆನ್ನಲಿ ಎಂಬ ಆಸೆಯಿಂದ ಕ್ಲೆಮ್ ಕೇಳಿದ.

“ಇಲ್ಲಪ್ಪ, ಅವಳು ಬಸ್ಸಲ್ಲಿ ಬರ್ತಾಳೆ,” ಎಂದಳು ಡಲ್ಸಿ, ಅಕ್ಕರೆಯಿಂದ ಅವನ ತಟ್ಟೆಗೆ ಚೀಸಿನ ದೊಡ್ಡ ತುಂಡೊಂದನ್ನು ಬಡಿಸುತ್ತ. “ನಾನೂ ಅವಳ ಜೊತೇಲೇ. ಆ ನಾತದಲ್ಲಿ ಅಷ್ಟು ದೂರ ಯಾರು ಕೂತ್ಕೋತಾರೆ?”