ನಿಲ್ಲಿಸದೆ ಮಾಡಿದ ರಿಪೇರಿ

ಆಸ್ಪತ್ರೆಯಲ್ಲಿ ಅಂದು ಬೆಳಿಗ್ಗೆ ಎರಡು ಹೊಸ ಬಿಲ್ ಕೌಂಟರು ತೆರೆದರು. ಅವು ಶುರುವಾದದ್ದೇ ತಡ, ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಕೆಳಮಹಡಿಯ ಸರ್ವರ್ ಹೊಸಬರನ್ನು ಒಳಗೆ ಬಿಟ್ಟುಕೊಳ್ಳುವುದನ್ನೇ ನಿಲ್ಲಿಸಿತು. ಬಿಲ್ಲಿಗೆ ನಿಂತವರ ಸಾಲು ಬಾಗಿಲು ದಾಟಿತು. ಸರ್ವರ್ ನೋಡಿಕೊಳ್ಳುವವನಿಗೆ ಕರೆ ಹೋಯಿತು. ಅವನನ್ನು ಅಲ್ಲಿ ಎಲ್ಲರೂ ಕರೆಯುವುದು ಕಂಪ್ಯೂಟರಣ್ಣ ಎಂದೇ.

ಅವನ ಹಿಂದೆಯೇ ಅಕೌಂಟೆಂಟ್ ಇಳಿದು ಬಂದರು. "ಆಫ್ ಮಾಡಿ ಆನ್ ಮಾಡಿ. ನಮ್ಮನೆ ಟಿವಿಗೆ ನಾನು ಮಾಡೋದೇ ಅದು."

"ಸಾರ್, ಇದು ಮತ್ತೆ ಏಳೋಕೆ ಅರ್ಧ ಗಂಟೆ ಬೇಕು. ಮೇಲೆ ಆಪರೇಷನ್ ನಡೀತಿದೆ. ರಕ್ತದ ರಿಪೋರ್ಟು, ಎಕ್ಸ್‌ರೇ ಎಲ್ಲಾ ಅಲ್ಲಿಗೆ ಹೋಗೋದು ಇದ್ರಿಂದಾನೇ."

"ಒಂದ್ಸಲ ಮಾಡಿ ನೋಡಿ, ಏನಾಗುತ್ತೆ."

ಏನೇ ಆಗಲಿ, ಇವತ್ತು ಇದನ್ನು ನಿಲ್ಲಿಸುವುದಿಲ್ಲ ಎಂದು ಕಂಪ್ಯೂಟರಣ್ಣ ಹಟ ಹಿಡಿದ. ಅವರನ್ನು ಹೊರಗೆ ಕಳಿಸಿ, ಚಿಲಕ ಹಾಕಿ, ಸ್ವಿಚ್ಚಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಒಮ್ಮೆಗೆ ಎಷ್ಟು ಜನರನ್ನು ಒಳಗೆ ಬಿಡಬೇಕೆಂಬ ಅಂಕಿಯೊಂದು ಸರ್ವರಿನ ಹೊಟ್ಟೆಯೊಳಗಿತ್ತು. ಓಡುತ್ತಿರುವಾಗಲೇ ಅದನ್ನು ಹೆಚ್ಚಿಸಬಹುದು, ಕೂತವರನ್ನು ಎಬ್ಬಿಸದೆ ಪಕ್ಕದಲ್ಲಿ ಇನ್ನೊಂದು ಬೆಂಚು ಹಾಕಿದ ಹಾಗೆ. ಆದರೆ ಅಂಥ ಅಂಕಿಗಳು ನೂರಾರಿದ್ದವು. ಒಂದೊಂದನ್ನೇ ಸೋಸಿ ಬೇಕಾದದ್ದನ್ನು ಹಿಡಿಯುವಷ್ಟರಲ್ಲಿ ಮಧ್ಯಾಹ್ನವಾಯಿತು.

ಅಷ್ಟರಲ್ಲಿ ಬಾಗಿಲು ಧಡಧಡ ಎಂದಿತು. ಹೆಡ್ ನರ್ಸ್.

"ಅಣ್ಣ, ಸಾಲಲ್ಲಿರೋರು ನನ್ನ ಮೇಲೆ ಕೂಗಾಡ್ತಿದಾರೆ. ಅಕೌಂಟೆಂಟ್ ಸಾರ್ ಹೇಳಿದ ಹಾಗೆ ಆಫ್ ಮಾಡ್ಬಿಡಿ."

ಗಡಿಬಿಡಿಯಲ್ಲಿ ಕಂಪ್ಯೂಟರಣ್ಣ ಹೊಸ ಅಂಕಿಯಲ್ಲಿ ಒಂದು ಸೊನ್ನೆ ಕಡಿಮೆ ಒತ್ತಿದ. ಪ್ರತಿ ಬಿಲ್ಲಿಗೂ ಹೊಸದಾಗಿ ಒಳಗೆ ಬರಬೇಕಾದ ಹಳೆಯ ಕೌಂಟರುಗಳೂ ತೆಪ್ಪಗಾದವು. ಆದರೂ ಅವನ ಬೆನ್ನು ಸ್ವಿಚ್ಚಿನಿಂದ ಸರಿಯಲಿಲ್ಲ. ಬಿಟ್ಟ ಸೊನ್ನೆ ಸೇರಿಸಿದ, ಎರಡು ಸಲ ಓದಿದ, ಒತ್ತಿದ. ಮೇಲೆ ಬಿಲ್ಲುಗಳು ಚರಚರ ಹೊರಬಂದವು. ಬೆಳಿಗ್ಗೆಯಿಂದ ಒಳಗೇ ಇದ್ದ ಆಪರೇಷನ್ ಕೋಣೆಗೆ ಒಂದು ಕ್ಷಣವೂ ಅಡ್ಡಿಯಾಗಿರಲಿಲ್ಲ. ಕಂಪ್ಯೂಟರಣ್ಣನಿಗೆ ಹೇಳಲಾರದಷ್ಟು ಹಿಗ್ಗಾಯಿತು.

ಆಪರೇಷನ್ ಮುಗಿಸಿ ಬಂದ ದೊಡ್ಡ ಡಾಕ್ಟರು, "ಯಾರು ಸರಿ ಮಾಡಿದ್ದು?" ಎಂದು ಕೇಳಿದರು.

"ಅಕೌಂಟೆಂಟ್ ಸಾರ್ ಐಡಿಯಾ," ಎಂದರು ಹೆಡ್ ನರ್ಸ್. "ಆಫ್ ಮಾಡಿ ಆನ್ ಮಾಡಿದ್ದು."

"ನಾನು ಆಫ್ ಮಾಡ್ಲೇ ಇಲ್ಲ ಡಾಕ್ಟ್ರೇ," ಎಂದ ಕಂಪ್ಯೂಟರಣ್ಣ. "ಓಡ್ತಿರೋವಾಗ್ಲೇ ಒಂದು ಅಂಕಿ ಬದಲಾಯಿಸ್ದೆ."

"ಒಂದು ಅಂಕಿಗೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಾ?" ಡಾಕ್ಟರು ಪಕ್ಕದಲ್ಲಿದ್ದ ಅಕೌಂಟೆಂಟರತ್ತ ಕೈ ತೋರಿಸಿದರು. " ಇವರು ದಿನಕ್ಕೆ ಸಾವಿರ ಅಂಕಿ ಬರೀತಾರಲ್ರೀ."

ಡಾಕ್ಟರು ಸರ್ವರ್ ಕೋಣೆಯ ಬೀಗದಕೈ ಇಸಿದುಕೊಂಡು ಅಕೌಂಟೆಂಟರ ಕೈಗಿಟ್ಟು ಹೊರಟುಹೋದರು.

ಅಕೌಂಟೆಂಟ್ ಮರುಕದಿಂದ ಕಂಪ್ಯೂಟರಣ್ಣನ ಭುಜ ತಟ್ಟಿದರು.

"ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ದಿನಾ ಆಪರೇಷನ್ ಶುರುವಾಗ್ತಿದ್ದ ಹಾಗೇ ನಾನೇ ಬಂದು ಆಫ್ ಮಾಡಿ ಆನ್ ಮಾಡ್ತೀನಿ."