ವಿಷ ಇಳಿಸುವ ಕೆನ್ನೆ

ಹಾವು ಕಚ್ಚುವುದು ಒಂದು ಕ್ಷಣದ ಕೆಲಸ. ಆಮೇಲೆ ಮನುಷ್ಯರು ಮಾಡುವ ಕೆಲಸಗಳಿಗೆ ಮಾತ್ರ ಕೊನೆಯೇ ಇಲ್ಲ. ಐವತ್ತರ ದಶಕದಲ್ಲಿ ನಾನು ಬಂಟ್ವಾಳದಿಂದ ಮೂಡಬಿದಿರೆಗೆ ಹೋಗುವ ದಾರಿಯ ಒಂದು ಸಣ್ಣ ಡಿಸ್ಪೆನ್ಸರಿಯಲ್ಲಿ ಕಂಪೌಂಡರ್ ಆಗಿದ್ದೆ. ಅಲ್ಲಿಂದ ಒಂದು ಮೈಲಿ ಆಚೆ ಹಾವಿನ ವಿಷಕ್ಕೆ ಮಂತ್ರ ಹಾಕುವ ವೈದ್ಯರಿದ್ದರು. ನನ್ನ ಗ್ರಹಚಾರಕ್ಕೆ ಅವರು ನನ್ನ ಅಕ್ಕನ ಗಂಡ. ಹಾಗಾಗಿ ಈಗ ಹೇಳುವಂಥ ಪ್ರಸಂಗಗಳು ನಡೆಯುತ್ತಲೇ ಇದ್ದವು. ಊರು ನಗುತ್ತಿತ್ತು, ನಾನು ಹಲ್ಲು ಕಚ್ಚಿಕೊಂಡು ಮದ್ದು ಕಲಸುತ್ತಿದ್ದೆ.

ಮುಚ್ಚಿದ ಬುಟ್ಟಿ

ಒಂದು ಬೆಳಿಗ್ಗೆ ರೈತನೊಬ್ಬ ಮುಚ್ಚಿದ ಬುಟ್ಟಿ ಹಿಡಿದು ಬಂದ. ಹಿಂದೆ ಕಾಲಿಗೆ ಬಟ್ಟೆ ಕಟ್ಟಿಕೊಂಡ ಅವನ ತಮ್ಮ.

"ಇವನಿಗೆ ಕಚ್ಚಿದ್ದು ಇದೇ. ವಿಷದ್ದಾ ಅಲ್ಲವಾ ನೋಡಿ ಹೇಳಿ ಡಾಕ್ಟ್ರೇ" ಎಂದು ಬುಟ್ಟಿಯನ್ನು ಡಾಕ್ಟರ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ.

ನಮ್ಮ ಕಡೆ ನಾಗರಹಾವು ಕಂಡರೆ ಕೈಮುಗಿದು ದಾರಿ ಬಿಡುತ್ತಾರೆ. ಕನ್ನಡಿ ಹಾವಿಗೆ, ಅಂದರೆ ಕೊಳಕುಮಂಡಲಕ್ಕೆ, ಆ ಭಾಗ್ಯವಿಲ್ಲ, ಅದನ್ನು ಬಡಿದೇ ತರುತ್ತಾರೆ. ಇದು ಕನ್ನಡಿ ಹಾವೇ, ಬೆನ್ನ ತುಂಬ ಸರಪಳಿಯಂಥ ಕಂದು ಮಚ್ಚೆ. ಆದರೆ ಪುಣ್ಯಾತ್ಮ ಅದನ್ನು ಜೀವಂತ ತಂದಿದ್ದ. ಅದು ಕಮ್ಮಾರನ ತಿದಿಯ ಹಾಗೆ ಬುಸುಗುಟ್ಟಿತು. ಡಾಕ್ಟರು ಬೆಂಚು ಹತ್ತಿ ನಿಂತು, "ವಿಷದ್ದೇ! ಭಾರೀ ವಿಷದ್ದು!" ಎಂದು ಕೂಗಿದರು.

ರೈತ ತಮ್ಮನ ಕೈ ಹಿಡಿದ. "ವಿಷದ್ದೇ ಅಂತೆ. ಹಾಗಾದರೆ ಇಲ್ಲಿ ಕೂತರೆ ಆಗ್ಲಿಕ್ಕಿಲ್ಲ. ವೈದ್ಯರಲ್ಲಿಗೇ ಹೋಗುವ."

ಹೋದರು. ಬುಟ್ಟಿಯನ್ನು ನಮಗೇ ಬಿಟ್ಟು ಹೋದರು.

ತಮ್ಮ ಬದುಕಿದ. ಕನ್ನಡಿ ಹಾವು ಕೆಲವು ಸಲ ಹಲ್ಲು ಊರಿದರೂ ವಿಷ ಬಿಡುವುದಿಲ್ಲ. ಉಪಕಾರ ಮಾಡಿದ್ದು ಹಾವು, ಹೆಸರು ಬಂದದ್ದು ಭಾವನಿಗೆ.

ಸುದ್ದಿ ತಂದವನ ಪಾಡು

ಭಾವ ಕಚ್ಚಿಸಿಕೊಂಡವರನ್ನು ನೋಡಬೇಕೆಂದೇ ಇರಲಿಲ್ಲ. ಓಡಿ ಬಂದು ಸುದ್ದಿ ಹೇಳಿದವನ ಕೆನ್ನೆಗೆ ಮಂತ್ರ ಹೇಳಿ ಒಂದು ಬಿಗಿದರೆ, ಅಲ್ಲಿ ರೋಗಿಯ ವಿಷ ಇಳಿಯುತ್ತದೆ ಎಂಬುದು ಅವರ ಪದ್ಧತಿ. ಕೈ ಬಲವಾಗಿತ್ತು. ಒಂದು ದಿನ ಹಾಗೆ ಸುದ್ದಿ ಒಯ್ದವನೊಬ್ಬ ದವಡೆ ಹಿಡಿದುಕೊಂಡು ನಮ್ಮಲ್ಲಿಗೆ ಬಂದ.

"ಕಚ್ಚಿಸಿಕೊಂಡವ ಹೇಗಿದ್ದಾನೆ?" ಎಂದು ಕೇಳಿದೆ.

"ಅವನಿಗೇನು ಧಾಡಿ? ಗದ್ದೆ ಉಳ್ತಾ ಇದ್ದಾನೆ. ಕಚ್ಚಿದ್ದು ಕೇರೆ ಹಾವು. ನನ್ನದು ಎರಡು ಹಲ್ಲು ಅಲ್ಲಾಡ್ತಾ ಉಂಟು ಮಾರಾಯ್ರೆ."

ಅರ್ಧ ಗಂಟೆ

ಇನ್ನು ಹೇಳುವುದಕ್ಕೂ ಊರು ನಕ್ಕಿತು. ನನಗೆ ಇವತ್ತಿಗೂ ನಗು ಬರುವುದಿಲ್ಲ.

ದನದ ಹಟ್ಟಿಗೆ ಹಾಕಲು ತರಗೆಲೆ ಗುಡಿಸುತ್ತಿದ್ದ ಹೆಂಗಸಿಗೆ ಕನ್ನಡಿ ಹಾವು ಕಚ್ಚಿತು. ತರಗೆಲೆಯಲ್ಲಿ ಅದು ಕಾಣುವುದೂ ಇಲ್ಲ, ಸರಿದು ಹೋಗುವುದೂ ಇಲ್ಲ. ಗಂಡ ಭಾವನಲ್ಲಿಗೆ ಓಡಿ ಹೊಡೆಸಿಕೊಂಡು ಬಂದ. ಎರಡು ದಿನ ಕಾದು, ಅವಳ ಒಸಡಿನಿಂದ ರಕ್ತ ನಿಲ್ಲದಾಗ ನಮ್ಮಲ್ಲಿಗೆ ಹೊತ್ತು ತಂದರು. ಹಾವಿನ ವಿಷಕ್ಕೆ ಚುಚ್ಚುವ ಸೀರಂ ಇತ್ತು, ಹೊತ್ತು ಮೀರಿತ್ತು. ಸೂಜಿ ಹೊರಗೆ ತೆಗೆಯುವಾಗ ಅವಳ ಕೈ ತಣ್ಣಗಾಗಿತ್ತು.

ಅಂಗಡಿ ಜಗಲಿಯಲ್ಲಿ ಒಬ್ಬ ಹೇಳಿದ: "ವೈದ್ಯರ ಮಂತ್ರದಲ್ಲಿ ಎರಡು ದಿನ ಜೀವ ಇತ್ತು. ಡಿಸ್ಪೆನ್ಸರಿಯವರು ಅರ್ಧ ಗಂಟೆಯಲ್ಲಿ ಮುಗಿಸಿದರು."

ಕಚ್ಚಿದ ಕೂಡಲೇ ಜನ ನಮ್ಮಲ್ಲಿಗೆ ಬರಬೇಕು, ನನಗೆ ಬೇರೇನೂ ಬೇಡ ಎಂದು ಅವತ್ತೇ ಹಟ ಹಿಡಿದೆ. ಮನೆ ಮನೆಗೆ ಹೋಗಿ ಹೇಳಿದೆ. ಚಾ ಕೊಟ್ಟರು, ಬರಲಿಲ್ಲ.

ಭಾವನ ಸರದಿ

ಮುಂದಿನ ವರ್ಷ ಕಟ್ಟಿಗೆ ರಾಶಿಗೆ ಕೈ ಹಾಕಿದ ಭಾವನಿಗೇ ಕನ್ನಡಿ ಹಾವು ಕಚ್ಚಿತು. ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಹಿಂದೆ ಅರ್ಧ ಊರು, ಎದೆ ಬಡಿದುಕೊಳ್ಳುತ್ತಾ ಅಕ್ಕ. ಡಾಕ್ಟರು ಸೀರಂ ಬರೆದರು.

"ಮಂತ್ರ ಇಲ್ಲವಾ ಭಾವ?" ಎಂದೆ.

"ತಮಾಷೆ ಬೇಡ ಮಾರಾಯ, ಬೇಗ ಸೂಜಿ ಹಾಕು."

ಸೀರಂ ಪುಡಿ ನೀರಿನಲ್ಲಿ ಕರಗುವಷ್ಟು ಹೊತ್ತಿತ್ತು. ಬಾಟಲಿ ತಿರುಗಿಸುತ್ತಾ, "ಸೂಜಿಯಿಂದಲೇ ಬದುಕಿದೆ ಅಂತ ಊರಿಗೆ ಹೇಳ್ತೀರಾ?" ಎಂದೆ. "ಪೊಳಲಿ ಅಮ್ಮನ ಆಣೆ, ಹೇಳ್ತೇನೆ" ಎಂದರು. ಸೂಜಿ ಚುಚ್ಚಿದೆ. ಜನ್ಮದಲ್ಲಿ ಸೂಜಿ ಕಾಣದ ಮನುಷ್ಯ, ನೋವಿಗೆ ನನ್ನ ಎಡಗೆನ್ನೆಗೆ ರಪ್ಪನೆ ಬಿಗಿದರು. ಕಿಟಕಿಯಲ್ಲಿ ಇಣುಕುತ್ತಿದ್ದ ಅರ್ಧ ಊರು ಅದನ್ನು ನೋಡಿತು.

ಭಾವ ಬದುಕಿದರು, ಮಾತೂ ಉಳಿಸಿಕೊಂಡರು. "ಸೂಜಿಯಿಂದ ಬದುಕಿದೆ, ಇನ್ನು ಯಾರಿಗೆ ಕಚ್ಚಿದರೂ ಅಲ್ಲಿಗೇ ಹೋಗಿ" ಎಂದು ಕಂಡಕಂಡವರಿಗೆ ಹೇಳಿದರು. ಜನ ಕೇಳಿ ಮೆಚ್ಚಿ ತಲೆದೂಗಿದರು: "ದೊಡ್ಡ ಗುಣ! ಹೆಂಡತಿಯ ತಮ್ಮನಿಗೆ ಹೆಸರು ಬರಲಿ ಅಂತ ಹೇಳುವುದು. ಕೆನ್ನೆಗೆ ಹೊಡೆದದ್ದನ್ನು ನಾವು ನೋಡಲಿಲ್ಲವಾ?"

ಎಡಗೆನ್ನೆ

ತಿಂಗಳಾಗಿರಲಿಲ್ಲ, ಒಬ್ಬ ಮುದುಕ ಕಾಲಿಗೆ ಹಾವು ಕಚ್ಚಿದ ಮಗಳನ್ನು ಗಾಡಿಯಲ್ಲಿ ಕರೆತಂದ. ಕಚ್ಚಿ ಒಂದು ಗಂಟೆಯೂ ಆಗಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಸೀರಂ ಬಾಟಲಿಗೆ ಕೈ ಹಾಕಿದೆ.

"ಸೂಜಿ ಬೇಡ ಕಂಪೌಂಡ್ರೇ" ಎಂದ ಮುದುಕ, ಬಹಳ ಸಂಕೋಚದಿಂದ. "ಸ್ವಲ್ಪ ನಿಮ್ಮ ಕೆನ್ನೆ ಕೊಡಿ. ವೈದ್ಯರು ಹೊಡೆದದ್ದು ಎಡದ್ದಕ್ಕಲ್ಲವಾ?"

ಮೈಯೆಲ್ಲ ಉರಿಯಿತು. ಆ ಹುಡುಗಿಯ ಮುಖ ನೋಡಿದೆ. "ಕೊಡ್ತೇನೆ. ಮೊದಲು ಸೂಜಿ, ಆಮೇಲೆ ಕೆನ್ನೆ" ಎಂದೆ.

ಹುಡುಗಿ ಬದುಕಿದಳು. ಆಮೇಲೆ ಬೆಳ್ತಂಗಡಿ ಕಡೆಯಿಂದಲೂ ಜನ ಬಂದರು, ಹೊತ್ತು ಮೀರುವ ಮೊದಲೇ ಬಂದರು. ಎಲ್ಲರಿಗೂ ಅದೇ ಕರಾರು. ನನಗೆ ವರ್ಗವಾದಾಗ ಊರಿನವರು ಡಾಕ್ಟರಿಗೆ ಅರ್ಜಿ ಕೊಟ್ಟರು: ಹೊಸ ಕಂಪೌಂಡರ್ ಯಾರಾದರೂ ಅಡ್ಡಿಯಿಲ್ಲ, ಕೆನ್ನೆಗುಣ ಒಳ್ಳೆಯದಿರಬೇಕು.

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಬಸ್ಸು ಹತ್ತಿದ ಮೇಲೆ ತರಗೆಲೆ ಗುಡಿಸುತ್ತಿದ್ದ ಆ ಹೆಂಗಸಿನ ನೆನಪಾಯಿತು. ಭಾವ ಒಂದು ವರ್ಷ ಮೊದಲೇ ನನಗೆ ಹೊಡೆದಿದ್ದರೆ ಅವಳು ಬದುಕುತ್ತಿದ್ದಳು.